ಕ್ಯಾಲಿಫೋರ್ನಿಯಾದ ಪಂಜಾಬಿ-ಮೆಕ್ಸಿಕನ್ ಮದುವೆಗಳು

ಬೇರೆ ಬೇರೆ ಬಣ್ಣದವರ ಮದುವೆಗೆ ಕಾನೂನೇ ಅಡ್ಡ ಇದ್ದಾಗ ಪಂಜಾಬಿಗಳು ಮೆಕ್ಸಿಕನ್ ಹೆಂಗಸರನ್ನು ಹೇಗೆ ಮದುವೆಯಾದರು ಅಂತ ಕೇಳಿದ್ದೀರಿ. ಎಲ್ಲವೂ ಕೌಂಟಿ (ಅಲ್ಲಿನ ಜಿಲ್ಲೆ) ಕಚೇರಿಯ ಗುಮಾಸ್ತನ ಕೈಯಲ್ಲಿತ್ತು ನೋಡಿ. ಪಂಜಾಬಿಗಳು ದಕ್ಷಿಣ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯಲ್ಲಿ ಹತ್ತಿ ಬೆಳೆಯುತ್ತಿದ್ದರು. ಅಮೆರಿಕದ 1917ರ ವಲಸೆ ಕಾನೂನು ಬಂದ ಮೇಲಂತೂ ಊರಿಂದ ಹೆಂಡತಿಯನ್ನು ಕರೆಸಿಕೊಳ್ಳುವ ಹಾಗೇ ಇರಲಿಲ್ಲ. ಅದೇ ಹತ್ತಿ ಹೊಲಗಳಿಗೆ ಮೆಕ್ಸಿಕನ್ ಕುಟುಂಬಗಳು ಕೂಲಿಗೆ ಬರುತ್ತಿದ್ದವು. ಮದುವೆಯ ಲೈಸೆನ್ಸ್ ಕೇಳಲು ಹೋದಾಗ ಗುಮಾಸ್ತ ಮುಖ ನೋಡಿ, ಇಬ್ಬರ ಹೆಸರಿನ ಮುಂದೆಯೂ 'ಕಂದು' ಅಂತ ಬರೆದರೆ ಮುಗಿಯಿತು, ಲೈಸೆನ್ಸ್ ಸಿಕ್ಕ ಹಾಗೆಯೇ! ಬಣ್ಣ ಬೇರೆ ಅನ್ನಿಸಿದರೆ ಇಲ್ಲ ಅನ್ನುತ್ತಿದ್ದ, ಆಗ ಬೇರೆ ಕೌಂಟಿಗೋ ಪಕ್ಕದ ರಾಜ್ಯಕ್ಕೋ ಓಡಬೇಕಿತ್ತು.

ತಮಾಷೆ ಅಂದರೆ, ಕಾಗದದ ಮೇಲೆ ಮೆಕ್ಸಿಕನ್ನರು 'ಬಿಳಿಯರು'. ಹಾಗಾಗಿಯೇ ಆಂಡ್ರಿಯಾ ಪೆರೆಜ್ ಎಂಬ ಮೆಕ್ಸಿಕನ್ ಮೂಲದ ಹುಡುಗಿಗೆ ಕರಿಯ ಹುಡುಗ ಸಿಲ್ವೆಸ್ಟರ್ ಡೇವಿಸ್ ಜೊತೆ ಮದುವೆಯ ಲೈಸೆನ್ಸ್ ಕೊಡಲಿಲ್ಲ. ಅವರು ಕೋರ್ಟಿಗೆ ಹೋದರು, 1948ರಲ್ಲಿ ಕ್ಯಾಲಿಫೋರ್ನಿಯಾದ ಆ ಕಾನೂನು ಬಿದ್ದುಹೋಯಿತು. ಇಡೀ ದೇಶದಲ್ಲಿ ಇಂಥ ಕಾನೂನುಗಳು ಬಿದ್ದುಹೋಗಲು ಅಮೆರಿಕದ ಸುಪ್ರೀಂ ಕೋರ್ಟಿನ 1967ರ ಲವಿಂಗ್ ತೀರ್ಪಿನವರೆಗೆ ಕಾಯಬೇಕಾಯಿತು.

ಅಂದಹಾಗೆ, ಈ ಮನೆಗಳಲ್ಲಿ ಮಕ್ಕಳು ಅಮ್ಮನ ಜೊತೆ ಸ್ಪ್ಯಾನಿಷ್ ಮಾತಾಡಿ, ಚರ್ಚಿಗೆ ಹೋಗಿ ಬೆಳೆದವರೇ ಜಾಸ್ತಿ. ಅಪ್ಪನಿಂದ ಬಂದದ್ದು ಸಿಂಗ್ ಅನ್ನುವ ಹೆಸರು, ಮತ್ತೆ ಟೋರ್ಟಿಯಾ ಪಕ್ಕದಲ್ಲಿ ರೊಟ್ಟಿ.