ಅಲಿಯೋ ಟೈಸನ್ನೋ: ವಾದ ಮುಂದೆ ಸಾಗಬೇಕಾದರೆ

ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರಾದ ಮುಹಮ್ಮದ್ ಅಲಿ, ಮೈಕ್ ಟೈಸನ್ ತಮ್ಮ ಉತ್ತಮ ದಿನಗಳಲ್ಲಿ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಗೆಳೆಯರೊಡನೆ ನೀವು ಮಾಡುವ ವಾದ ಪ್ರತಿ ಸಲ ಜಗಳವಾಗಲು ಕಾರಣ ಬಹುಶಃ ಇದು: ನೀವು ಹೇಳುತ್ತಿರುವುದು 1966ರ ಅಲಿ, ಗೆಳೆಯರ ಕಣ್ಣ ಮುಂದಿರುವುದು 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಸೋತು ಕುಳಿತ ಅಲಿ.

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ 1966ರ ಅಲಿ, ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ 1988ರ ಟೈಸನ್. ಆಮೇಲೆ ಸುತ್ತುಗಳು: ಅಲಿಯ ಕಾಲದ ಪ್ರಶಸ್ತಿ ಪಂದ್ಯಕ್ಕೆ 15, ಟೈಸನ್‌ಗೆ 12. ಇದನ್ನು ಇತ್ಯರ್ಥ ಮಾಡದೆ ಬಾಯಿ ತೆರೆಯಬೇಡಿ.

ಇನ್ನು ಸಾಕ್ಷ್ಯ. ಟೈಸನ್ ಬಳಸುತ್ತಿದ್ದಂಥ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹೊಡೆಯುವ ಗುದ್ದು) ಅಲಿಗೆ ತಗಲುತ್ತಿತ್ತು. 1963ರಲ್ಲಿ ಹೆನ್ರಿ ಕೂಪರ್ ಕೆಡವಿದ, 1971ರ ಪಂದ್ಯದ ಹದಿನೈದನೇ ಸುತ್ತಿನಲ್ಲಿ ಜೋ ಫ್ರೇಜಿಯರ್ ಬೆನ್ನ ಮೇಲೆ ಬೀಳಿಸಿದ. ಎರಡೂ ಸಲ ಅಲಿ ಎದ್ದ, ಅದೇ ಮುಖ್ಯ. ಅತ್ತ ಟೈಸನ್‌ನನ್ನು 1990ರಲ್ಲಿ ಟೋಕಿಯೊದಲ್ಲಿ ಅಲಿಯಂತೆಯೇ ಎತ್ತರದ ಬಸ್ಟರ್ ಡಗ್ಲಸ್ ಉದ್ದನೆಯ ಜ್ಯಾಬ್‌ನಿಂದಲೇ (ಮುಂಗೈ ಚಾಚಿ ಹೊಡೆಯುವ ನೇರ ಗುದ್ದು) ದೂರವಿಟ್ಟು, ಹತ್ತನೇ ಸುತ್ತಿನಲ್ಲಿ ಉರುಳಿಸಿದ. (ಅಂದು ಟೈಸನ್‌ನ ತಯಾರಿ ಕೆಟ್ಟಿತ್ತು ಎಂದು ಗೆಳೆಯರು ಹೇಳಿಯೇ ಹೇಳುತ್ತಾರೆ, ಅದು ಸುಳ್ಳಲ್ಲ.)

ಆರು ಸುತ್ತು ದಾಟಿದರೆ ಅಲಿಯೇ ಎನ್ನುತ್ತೇನೆ. ಮೊದಲ ನಾಲ್ಕರ ಬಗ್ಗೆ ಖಚಿತವಾಗಿ ಹೇಳಲಾರೆ. ಫ್ರೇಜಿಯರ್, ಡಗ್ಲಸ್ ಪಂದ್ಯಗಳೆರಡನ್ನೂ ಜೊತೆಯಲ್ಲೇ ಕುಳಿತು ನೋಡಿ, ಆಮೇಲೆ ವಾದಕ್ಕಿಳಿಯಿರಿ.