ಟವೆಲ್ ತರಲು ಎದ್ದುಹೋದಿರಲ್ಲ, ಆ ಮಾತು

ನಿಮ್ಮ ಕಾಗದ ಓದಿ ಮುಗಿಸಿದವಳು ಮತ್ತೆ ಎರಡನೇ ಪುಟಕ್ಕೆ ಮರಳಿದೆ. ವಿಷಯ ಇಷ್ಟು: ಮಗುವಿಗೆ ಏಳು ತಿಂಗಳು. ಗಂಡನ ಅಕ್ಕ ಬುಟ್ಟಿ ತುಂಬ ಸ್ನಾನದ ಸಾಮಾನು ತಂದುಕೊಟ್ಟಿದ್ದಾರೆ. ಘಮಘಮಿಸುವ ಬಾಡಿವಾಶ್, ಶಾಂಪೂ, ಸೋಪು, ಪೌಡರ್, ಉಗುರು ಕತ್ತರಿ, ಟಬ್ಬಿನೊಳಗೆ ಕೂರಿಸುವ ಸೀಟು. ಹಚ್ಚಿದರೆ ಮಗುವಿನ ಮೊಣಕಾಲ ಸಂದು ಕೆಂಪಗಾಗುತ್ತದೆ. ಹಚ್ಚದಿದ್ದರೆ ಅತ್ತಿಗೆ ಬಂದಾಗ ನೆತ್ತಿ ಮೂಸಿ ನೋಡಿ, 'ನಾನು ಕೊಟ್ಟದ್ದು ಬಳಸ್ತಾ ಇಲ್ವಾ?' ಅನ್ನುತ್ತಾರೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ.

ಇದರ ನಡುವೆ ಒಂದು ಸಾಲು ಬರೆದಿದ್ದೀರಿ: 'ಮೊನ್ನೆ ಟವೆಲ್ ಮರೆತಿದ್ದೆ, ತರುವಷ್ಟರಲ್ಲಿ ಪಾಪು ಸೀಟಿನಲ್ಲೇ ಪಕ್ಕಕ್ಕೆ ವಾಲಿಬಿಟ್ಟಿತ್ತು, ಪುಣ್ಯಕ್ಕೆ ಏನೂ ಆಗಲಿಲ್ಲ.' ಅಲ್ಲಿಂದ ನೇರ ಶಾಂಪೂ ವಿಷಯಕ್ಕೆ ಹೋಗಿದ್ದೀರಿ. ನನಗೆ ಹೋಗಲಾಗಲಿಲ್ಲ.

ಮಗು ಮುಳುಗಲು ಎರಡು ಇಂಚು ನೀರು ಸಾಕು ತಂಗೀ. ಅತ್ತು ಕರೆಯುತ್ತದೆ, ಕೈಕಾಲು ಬಡಿದ ಸದ್ದು ಕೇಳುತ್ತದೆ ಅಂದುಕೊಳ್ಳಬೇಡಿ. ಸದ್ದೇ ಇಲ್ಲದೆ ನಡೆದುಹೋಗುತ್ತದೆ. ಆ ಸೀಟಿನ ಅಡಿಯಲ್ಲಿ ಅಂಟಿಕೊಳ್ಳುವ ರಬ್ಬರ್ ಬಟ್ಟಲುಗಳಿವೆಯಲ್ಲ, ಅವು ಯಾವ ಗಳಿಗೆಯಲ್ಲಾದರೂ ಬಿಟ್ಟುಕೊಳ್ಳಬಹುದು. ಮಗು ವಾಲಿದರೆ ಸೀಟೂ ಜೊತೆಗೇ ಮಗುಚುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಅದು ಇದೆ ಅನ್ನುವ ಧೈರ್ಯದಲ್ಲಿ ನಾವು ಎದ್ದುಹೋಗುತ್ತೇವೆ. ನೀವೂ ಹಾಗೇ ಎದ್ದಿರಿ.

ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮಗುವಿಗೆ ಸ್ನಾನ ಮಾಡಿಸುವವರಿಗೆ ಇರುವುದು ಒಂದೇ ಕೈ. ಇನ್ನೊಂದು ಮಗುವಿನ ಮೈ ಮೇಲಿರಬೇಕು. ಸಾಮಾನು ಆರಿಸುವಾಗ ಮೊದಲು ನೋಡಬೇಕಾದದ್ದೂ ಇದೇ. ತಿರುಗಿಸಿ ತೆಗೆಯುವ ಮುಚ್ಚಳ ಬೇಡ, ಒತ್ತಿದರೆ ಬರುವ ಪಂಪಿನ ಬಾಟಲಿ ಇರಲಿ. ಮೈಗೊಂದು, ತಲೆಗೊಂದು ಬೇಕಿಲ್ಲ. ಎರಡಕ್ಕೂ ಆಗುವ ಒಂದೇ ಸೌಮ್ಯ ಕ್ಲೆನ್ಸರ್, ಅಂದರೆ ಸೋಪಿನ ಬದಲು ಬಳಸುವ ತೊಳೆಯುವ ದ್ರವ, ಸಾಕು, ಜೊತೆಗೆ ಮೆತ್ತನೆಯ ಹತ್ತಿಬಟ್ಟೆ.

ಕ್ಲೆನ್ಸರ್ ಮೇಲೆ 'ಫ್ರಾಗ್ರೆನ್ಸ್ ಫ್ರೀ', ಅಂದರೆ ಸುಗಂಧ ಬೆರೆಸಿಲ್ಲ, ಎಂದಿರಬೇಕು. 'ಅನ್‌ಸೆಂಟೆಡ್' (ವಾಸನೆ ಬರುವುದಿಲ್ಲ) ಅಂದಿದ್ದರೆ ಮೋಸಹೋಗಬೇಡಿ, ಬೇರೆ ವಾಸನೆ ಮುಚ್ಚಲು ಅದರಲ್ಲಿ ಸುಗಂಧ ಬೆರೆಸಿರಬಹುದು. ನಮ್ಮ ಚರ್ಮದ ಮೇಲ್ಪದರ ತುಸು ಆಮ್ಲೀಯ, ಪಿಎಚ್ ಸುಮಾರು 5.5 (ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ). ಮಾಮೂಲಿ ಸೋಪು 9ರಿಂದ 10. ಮಗುವಿನ ತೆಳು ಚರ್ಮಕ್ಕೆ ಆ ಕ್ಷಾರ ಒಳ್ಳೆಯದಲ್ಲ, ಹಾಗಾಗಿ ಸೋಪು ಬಿಡಿ. ಪೌಡರ್ ಅಂತೂ ಬೇಡವೇ ಬೇಡ. ಉದುರಿಸಿದಾಗ ಬೆಳಕಿನಲ್ಲಿ ಮೋಡದ ಹಾಗೆ ಏಳುವ ಆ ಧೂಳು ಉಸಿರಿನ ಜೊತೆ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕತ್ತರಿ ಇಟ್ಟುಕೊಳ್ಳಿ, ಮಗು ಮಲಗಿದ ಮೇಲೆ ಉಗುರು ತೆಗೆಯಿರಿ. ಇಡೀ ಸ್ನಾನ ವಾರಕ್ಕೆ ಮೂರು ಸಲವಾದರೂ ಸಾಕು, ಉಳಿದ ದಿನ ಮುಖ, ಕತ್ತಿನ ಸಂದು, ಡೈಪರ್ ಜಾಗ ಒರೆಸಿದರಾಯಿತು. ಸುಗಂಧದ್ದನ್ನೆಲ್ಲ ನಿಲ್ಲಿಸಿ ಎರಡು ವಾರವಾದರೂ ಕೆಂಪು ಹೋಗದಿದ್ದರೆ, ಅಥವಾ ನಡುವೆ ಹೆಚ್ಚಾದರೆ, ಮಕ್ಕಳ ವೈದ್ಯರಿಗೆ ತೋರಿಸಿ.

ಅತ್ತಿಗೆಯ ಮೇಲೆ ನನಗೆ ಸಿಟ್ಟಿಲ್ಲ. ನೆತ್ತಿ ಮೂಸುವವರಿಗೆ ಮಗುವಿನ ಮೇಲೆ ಅಕ್ಕರೆ ಇರುತ್ತದೆ. ಸಿಟ್ಟು ಬಂದದ್ದು ನಿಮ್ಮ ಯಜಮಾನರ ಮೇಲೆ. 'ಅಕ್ಕನ ಮನಸ್ಸು ನೋಯಿಸಬೇಡ' ಅಂದು ಅವರು ಸುಮ್ಮನಾದರು, ನೀವು ಕೆಂಪಾದ ಮೈಗೆ ಮತ್ತೆ ಅದನ್ನೇ ಹಚ್ಚಿದಿರಿ. ಟವೆಲ್ ಮರೆತ ದಿನ ಅವರು ಪಕ್ಕದ ಕೋಣೆಯಲ್ಲೇ ಇದ್ದರೆಂದು ನೀವೇ ಬರೆದಿದ್ದೀರಿ. ಅವರನ್ನು ಕೂಗಬೇಕು ಅನ್ನಿಸಲೇ ಇಲ್ಲವಲ್ಲ, ಆ ಅಭ್ಯಾಸ ನಿಮಗೆ ಯಾರು ಮಾಡಿಸಿದರು? ಅಕ್ಕನಿಗೆ 'ಪಾಪುವಿಗೆ ಇದು ಆಗಿಬರುತ್ತಿಲ್ಲ' ಎಂದು ಹೇಳಬೇಕಾದವರು ಅವರು, ನೀವಲ್ಲ. ಅತ್ತಿಗೆ ಮುಂದಿನ ಸಲ ಬಂದಾಗ ಸ್ನಾನದ ಹೊತ್ತಿಗೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಸಂದಿನ ಕೆಂಪನ್ನು ಅವರೇ ನೋಡಲಿ.

ನಾಳೆ ನೀರು ಬಿಡುವ ಮೊದಲು ಟವೆಲ್ ಹೆಗಲ ಮೇಲೆ ಹಾಕಿಕೊಳ್ಳಿ. ಆಮೇಲೆ ಫೋನ್ ಬಂದರೂ, ಬಾಗಿಲು ಬಡಿದರೂ, ಏನೇ ಮರೆತಿದ್ದರೂ ಏಳುವುದಾದರೆ ಮಗುವನ್ನು ಎತ್ತಿಕೊಂಡೇ ಏಳಿ. ಆ ಸೀಟನ್ನು ಇವತ್ತೇ ಹೊರಗೆ ಹಾಕಿ, ಇನ್ನೊಂದು ಮನೆಗೆ ಕೊಡಬೇಡಿ.