ಎರಡು ರಕ್ತಪರೀಕ್ಷೆ, ಎರಡು ಉತ್ತರ

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಜೋರು ಜ್ವರ ಬಂದ ಎರಡನೆಯ ದಿನವೇ ಫಿಟ್ಸ್ ಕಾಣಿಸಿಕೊಂಡಿತು. ಅಂದು ತೆಗೆದ ರಕ್ತದಲ್ಲಿ ಜಪಾನೀಸ್ ಮೆದುಳು ಜ್ವರದ ಪ್ರತಿಕಾಯ ಇಲ್ಲವೆಂದು ವರದಿ ಬಂತು. ಹನ್ನೊಂದನೆಯ ದಿನದ ರಕ್ತದಲ್ಲಿ ಇದೆಯೆಂದು ಬಂತು. ಮೊದಲ ಪ್ರಯೋಗಾಲಯದವರು ತಪ್ಪು ಮಾಡಿದರೇ? ರಕ್ತ ಕೊಟ್ಟ ಮೇಲೂ ಬೆನ್ನಿನಿಂದ ನೀರು ತೆಗೆದದ್ದೇಕೆ? ವರದಿ ತಡವಾದ್ದರಿಂದ ಚಿಕಿತ್ಸೆಯೂ ತಡವಾಯಿತೇ?
– ಹೆಸರು ಬೇಡವೆಂದ ಓದುಗರು

ಉತ್ತರ: ಯಾರೂ ತಪ್ಪು ಮಾಡಿರಬೇಕೆಂದೇನಿಲ್ಲ, ಎರಡೂ ವರದಿಗಳು ಆಯಾ ದಿನದ ಮಟ್ಟಿಗೆ ಸರಿಯಾಗಿಯೇ ಇರಬಹುದು. ಈ ಎಲೈಸಾ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಐಜಿಎಂ ಎಂಬ ಪ್ರತಿಕಾಯವನ್ನು. ರೋಗಲಕ್ಷಣ ಶುರುವಾದ ಮೇಲೆ ಅದು ಪರೀಕ್ಷೆಗೆ ಸಿಗುವಷ್ಟಾಗಲು ಸಾಮಾನ್ಯವಾಗಿ 3ರಿಂದ 8 ದಿನ ಹಿಡಿಯುತ್ತದೆ. ಆದ್ದರಿಂದಲೇ ಮೊದಲ 10 ದಿನಗಳೊಳಗಿನ ರಕ್ತದಲ್ಲಿ ‘ಇಲ್ಲ’ವೆಂದು ಬಂದರೆ ಅದನ್ನೇ ಕೊನೆಯ ಮಾತೆಂದುಕೊಳ್ಳದೆ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. ವೈರಸ್ಸನ್ನೇ ನೇರವಾಗಿ ಹುಡುಕಬಾರದೇ ಎಂದು ನೀವು ಕೇಳಬಹುದು. ಮೆದುಳಿನ ಲಕ್ಷಣಗಳು ಕಾಣಿಸುವ ಹೊತ್ತಿಗೆ ಅದು ರಕ್ತದಿಂದ ಬಹುಮಟ್ಟಿಗೆ ಮರೆಯಾಗಿರುವುದರಿಂದ ಪಿಸಿಆರ್ ಪರೀಕ್ಷೆಯಲ್ಲಿ ಹೆಚ್ಚಿನವರಲ್ಲಿ ಸಿಗುವುದೇ ಇಲ್ಲ.

ಬೆನ್ನಿನ ನೀರಿನ ವಿಷಯ ಇದಕ್ಕಿಂತ ಮುಖ್ಯವಾದದ್ದು. ಈ ವೈರಸ್ ತಗುಲಿದವರಲ್ಲಿ ಬಹುತೇಕರಿಗೆ ಕಾಯಿಲೆಯ ಸುಳಿವೇ ಇರುವುದಿಲ್ಲ. ತೀವ್ರ ರೋಗವಾಗುವುದು ಸುಮಾರು 250 ಮಂದಿಯಲ್ಲಿ ಒಬ್ಬರಿಗೆ. ಹೀಗಾಗಿ ರಕ್ತದ ಐಜಿಎಂ ಹೇಳುವುದು ವೈರಸ್ ಇತ್ತೀಚೆಗೆ ದೇಹದೊಳಗೆ ಬಂದಿತ್ತು ಎಂಬುದನ್ನಷ್ಟೇ. ಈಗಿನ ಫಿಟ್ಸಿಗೆ ಅದೇ ಕಾರಣವೆಂದು ಅದೊಂದರಿಂದ ಖಚಿತವಾಗದು. ಬೆನ್ನಿನಿಂದ ತೆಗೆಯುವ ನೀರು ಮೆದುಳಿನ ಸುತ್ತಲೂ ಇರುವ ದ್ರವವೇ. ಐಜಿಎಂ ದೊಡ್ಡ ಅಣುವಾದ್ದರಿಂದ ರಕ್ತದಿಂದ ಈ ದ್ರವಕ್ಕೆ ಸುಲಭವಾಗಿ ದಾಟಲಾರದು. ಅಲ್ಲಿಯೇ ಅದು ಸಿಕ್ಕಿದರೆ, ಸೋಂಕು ಮೆದುಳನ್ನು ಮುಟ್ಟಿದೆ ಎಂಬುದಕ್ಕೆ ಬಲವಾದ ಸಾಕ್ಷಿ. ಮೆದುಳಿನೊಳಗೆ ಒತ್ತಡ ಹೆಚ್ಚಿರುವ ಸೂಚನೆಗಳಿದ್ದರೆ ವೈದ್ಯರು ಆ ನೀರು ತೆಗೆಯುವುದನ್ನು ಮುಂದೂಡುತ್ತಾರೆ.

ರಕ್ತದ ‘ಇದೆ’ ಎಂಬ ಉತ್ತರಕ್ಕೆ ಇನ್ನೂ ಕೆಲವು ತೊಡಕುಗಳುಂಟು. ಐಜಿಎಂ ಸಾಮಾನ್ಯವಾಗಿ 30ರಿಂದ 90 ದಿನ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೂ ಕಾಣಬಹುದು. ಡೆಂಗಿ, ವೆಸ್ಟ್ ನೈಲ್ ವೈರಸ್‌ಗಳು ಇದೇ ಕುಟುಂಬದವಾದ್ದರಿಂದ ಅವುಗಳ ಪ್ರತಿಕಾಯವೂ ಪರೀಕ್ಷೆಯನ್ನು ಮೋಸಗೊಳಿಸಬಹುದು. ಅನುಮಾನ ಉಳಿದಲ್ಲಿ, ಪ್ರತಿಕಾಯವು ಯಾವ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ ಎಂದು ನೋಡುವ ತಟಸ್ಥೀಕರಣ ಪರೀಕ್ಷೆ ಮಾಡುತ್ತಾರೆ. ಎರಡು ಮಾದರಿಗಳ ನಡುವೆ ಆ ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದ್ದರೆ ಸೋಂಕು ಹೊಸದೆಂದು ದೃಢವಾಗುತ್ತದೆ. ಜ್ವರ ಶುರುವಾದ ದಿನವನ್ನೂ ಲಸಿಕೆಯ ದಿನಾಂಕವನ್ನೂ ಪರೀಕ್ಷೆಯ ಚೀಟಿಯಲ್ಲಿ ಬರೆಯದೆ ಕಳುಹಿಸಿದ ರಕ್ತದ ವರದಿಗೆ ಅರ್ಥ ಹಚ್ಚುವುದು ಕಷ್ಟ. ಇದು ವೈದ್ಯರಿಗೂ ಸಲ್ಲುವ ಮಾತು.

ಚಿಕಿತ್ಸೆ ತಡವಾಯಿತೆಂಬ ಕೊರಗು ಬೇಡ. ಈ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲವಾದ್ದರಿಂದ ಫಿಟ್ಸ್ ತಡೆಯುವುದು, ಮೆದುಳಿನ ಊತ ಇಳಿಸುವುದು, ಉಸಿರಾಟ ಕಾಯುವುದು ಇವೇ ಚಿಕಿತ್ಸೆ, ಇವು ವರದಿಗೆ ಕಾಯುವುದಿಲ್ಲ. ಬ್ಯಾಕ್ಟೀರಿಯಾದ ಸೋಂಕಿಗೂ ಹರ್ಪಿಸ್ ವೈರಸ್ಸಿನ ಮೆದುಳು ಜ್ವರಕ್ಕೂ ಔಷಧಗಳಿರುವುದರಿಂದ, ಅವಲ್ಲವೆಂದು ಖಚಿತವಾಗುವವರೆಗೆ ಆ ಔಷಧಗಳನ್ನೂ ಮೊದಲ ದಿನದಿಂದಲೇ ಕೊಡುವುದು ರೂಢಿ.